ಕಣ್ಣಿಗೆಂದು ಕಟ್ಟಿದ ಗಂಟು

ನನಗೊಂದು ಕೆಟ್ಟ ಚಟವಿದೆ. ಯಾರಾದರೂ ಕೈಗೆ ನಾಣ್ಯ ಕೊಟ್ಟರೆ ಅದನ್ನು ನೆಲದ ಮೇಲೆ ಒಮ್ಮೆ ಬೀಳಿಸಿ ಸದ್ದು ಕೇಳದ ಹೊರತು ನನಗೆ ಸಮಾಧಾನವಿಲ್ಲ. ನಮ್ಮ ಕಡೆ ಎಲ್ಲಿ ಹೋದರೂ ಕಾಲ ಕೆಳಗೆ ಶಹಾಬಾದಿನ ಫರ್ಸಿಕಲ್ಲು ಇದ್ದೇ ಇರುತ್ತದಲ್ಲ, ಅನುಕೂಲವೂ ಆಗಿದೆ. ಈಗಿನ ನಾಣ್ಯಗಳಿಗೆ ಸದ್ದೆಂಬುದೇ ಇಲ್ಲ, ಡಬ್ಬಿಯ ಮುಚ್ಚಳ ಬಿದ್ದ ಹಾಗೆ ಬೀಳುತ್ತವೆ. ಅದು ಗೊತ್ತಿದ್ದೂ ಬೀಳಿಸುತ್ತೇನೆ. ಮೊನ್ನೆ ನಮ್ಮ ಮನೆಯವರ ರೈಲ್ವೆ ಪಿಂಚಣಿ ತರಲು ಬ್ಯಾಂಕಿಗೆ ಹೋದಾಗಲೂ ಹೀಗೇ ಮಾಡಿದೆ. ನಾಣ್ಯ ಉರುಳುತ್ತ ಹೋಗಿ ಸಾಹೇಬರ ಮೇಜಿನಡಿ ಸೇರಿತು. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಕೌಂಟರಿನ ಹುಡುಗಿ ಮಾತ್ರ ನಗದೆ, “ಅಜ್ಜಿ, ಇದು ಬ್ಯಾಂಕ್ ರಿ. ಇಲ್ಲಿ ಖೋಟಾ ರೊಕ್ಕ ಕೊಡಂಗಿಲ್ಲ” ಎಂದಳು.

ನನ್ನ ಮೇಲೆ ಕನಿಕರ ಬಂತೋ ಏನೋ, ಹೊರಡುವಾಗ ಒಂದು ಅಚ್ಚು ಹಾಕಿದ ಕಾಗದವನ್ನೂ ಕೊಟ್ಟಳು. ಮನೆ ನಡೆಸುವ ಹೆಂಗಸರಿಗೆ ಬುದ್ಧಿ ಹೇಳುವ ಕಾಗದ. ಹಣ ಬಂದ ದಿನವೇ ಅದನ್ನು ಖರ್ಚಿನ ಪ್ರಕಾರ ಭಾಗ ಮಾಡಿಡಿ ಎಂದು ಮೊದಲನೆಯ ಸಾಲು. ಆಪತ್ತಿಗೆಂದು ಇಟ್ಟ ಭಾಗಕ್ಕೆ ಕೈ ಹಚ್ಚಬೇಡಿ ಎಂದು ಎರಡನೆಯದು. ಅಷ್ಟು ಓದಿ ಕನ್ನಡಕ ತೆಗೆದುಬಿಟ್ಟೆ. ಇವೆರಡನ್ನೂ ನನಗೆ ಅಕ್ಷರ ಬಾರದ ಒಬ್ಬ ಹೆಂಗಸು ಹದಿನಾರನೆಯ ವಯಸ್ಸಿಗೇ ಹೇಳಿಕೊಟ್ಟಿದ್ದರು. ಮೊದಲನೆಯದನ್ನು ಚೆನ್ನಾಗಿ ಕಲಿತೆ. ಎರಡನೆಯದನ್ನು ಕಲಿಯುವ ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು. ಆ ಹೆಂಗಸು ನನ್ನ ಅತ್ತೆ, ನೀಲಮ್ಮ.

ಅತ್ತೆಯ ಮಾತಿಗೆ ಮೊದಲು ನನ್ನ ಜಾಣತನದ ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಕೆಲಸ ಕೆಡಿಸಿದ್ದು ಅದೇ. ಸೇಡಂನಲ್ಲಿ ನಮ್ಮಪ್ಪನದು ಕಿರಾಣಿ ಅಂಗಡಿ. ಊರಿನ ಶಾಲೆಯಲ್ಲಿ ಕಲಿಸುತ್ತಿದ್ದದ್ದು ಉರ್ದು, ಅದೂ ಗಂಡುಹುಡುಗರಿಗೆ. ನನಗೆ ಕನ್ನಡದ ಅಕ್ಷರವನ್ನೂ ಲೆಕ್ಕವನ್ನೂ ಅಪ್ಪನೇ ಬೆಲ್ಲದ ಪೆಂಟೆಗಳ ನಡುವೆ ಕೂಡಿಸಿಕೊಂಡು ಕಲಿಸಿದ. ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿ ಎಲ್ಲ ಬಾಯಿಪಾಠ. ಗಿರಾಕಿಗಳು ಬಂದರೆ ಅಪ್ಪ ತಾನು ಲೆಕ್ಕ ಹೇಳುತ್ತಿರಲಿಲ್ಲ, “ನಮ್ಮ ಶಾಂತಾಗ ಕೇಳ್ರಿ” ಎನ್ನುತ್ತಿದ್ದ. ನಾನು ಮೇಲೆ ನೋಡಿ ಎರಡು ಸಲ ರೆಪ್ಪೆ ಬಡಿದು ಹೇಳಿಬಿಡುತ್ತಿದ್ದೆ. ತೆಲುಗು ಸೀಮೆಯಿಂದ ಬಂದ ವ್ಯಾಪಾರಿಗಳು ತಲೆದೂಗುತ್ತಿದ್ದರು. ಊರಿನಲ್ಲಿ ನನ್ನಷ್ಟು ಶಾಣ್ಯಾ ಯಾರೂ ಇಲ್ಲ ಎಂದು ಅಪ್ಪ ತಿಳಿದಿದ್ದ, ನಾನೂ ತಿಳಿದಿದ್ದೆ.

ನನ್ನನ್ನು ನೋಡಲು ವಾಡಿಯಿಂದ ಜನ ಬಂದಾಗ ಅವರಲ್ಲೊಬ್ಬರು ಹಾಡು ಹೇಳು ಎಂದರು. ನನಗೆ ಹಾಡು ಬರುತ್ತಿರಲಿಲ್ಲ. ಸುಮ್ಮನೆ ಕೂತರೆ ಅಪ್ಪನಿಗೆ ಅವಮಾನ ಎಂದು ಮುಕ್ಕಾಲಿನ ಮಗ್ಗಿಯನ್ನೇ ರಾಗವಾಗಿ ಹೇಳತೊಡಗಿದೆ. ಒಳಗೆ ಅವ್ವ ಹಣೆ ಹಣೆ ಬಡಿದುಕೊಂಡಳಂತೆ. ಬಂದವರಲ್ಲಿ ಒಬ್ಬ ಹೆಂಗಸು ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದರು. “ಹಾಡವರು ಭಾಳ ಮಂದಿ ಸಿಗ್ತಾರ. ಲೆಕ್ಕ ಬರೋಳು ನಮ್ಮ ಮನ್ಯಾಗ ಒಬ್ಬಳು ಇರ್ಲಿ” ಎಂದು ಅವರೇ ಸಂಬಂಧ ಗಟ್ಟಿ ಮಾಡಿದರು. ಹೀಗೆ ನನ್ನನ್ನು ಆ ಮನೆಗೆ ಆರಿಸಿ ತಂದವರು ಅತ್ತೆಯೇ.

ವಾಡಿ ಆಗ ಸ್ಟೇಶನ್ನು, ಎರಡು ಸಾಲು ಕ್ವಾರ್ಟರ್ಸು, ಒಂದು ಸಣ್ಣ ಬಜಾರ, ಅಷ್ಟೇ. ಮುಂಬಯಿಯಿಂದ ಮದರಾಸಿಗೆ ಹೋಗುವ ದಾರಿ ಇಂಗ್ರೇಜರ ಕಂಪನಿಯದು. ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಹೈದರಾಬಾದಿಗೆ ಹೋಗುವ ದಾರಿ ನಿಜಾಮರದು. ದಾರಿ ಎರಡಿದ್ದ ಹಾಗೆ ಊರಿನಲ್ಲಿ ರೊಕ್ಕವೂ ಎರಡು ಥರದ್ದು. ರಾಜನ ಮುಖವಿದ್ದ ಇಂಗ್ರೇಜಿ ರೂಪಾಯಿಗೆ ಕಲ್ದಾರ ಎನ್ನುತ್ತಿದ್ದರು. ಚಾರಮಿನಾರಿನ ಚಿತ್ರವಿದ್ದ ನಿಜಾಮರ ರೂಪಾಯಿಗೆ ಹಾಲಿ ಎನ್ನುತ್ತಿದ್ದರು. ಕಲ್ದಾರದ ಬೆಲೆ ಹೆಚ್ಚು. ಆರು ಕಲ್ದಾರ ಕೊಟ್ಟರೆ ಏಳು ಹಾಲಿ ಬರುತ್ತಿತ್ತು. ನಮ್ಮ ಮನೆಯವರು ಮುಂಬಯಿ ಕಂಪನಿಯ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರು, ಸಂಬಳ ಮೂವತ್ತು ಕಲ್ದಾರ. ಬಜಾರದಲ್ಲಿ ಉಪ್ಪಿನಿಂದ ಹಿಡಿದು ಸೌದೆಯ ತನಕ ಎಲ್ಲದಕ್ಕೂ ಹಾಲಿಯೇ ಬೇಕು. ಹೀಗಾಗಿ ಸಂಬಳದ ಮರುದಿನ ಸ್ಟೇಶನ್ನಿನ ಹೊರಗೆ ಬೇವಿನ ಮರದಡಿ ಪೆಟ್ಟಿಗೆ ಇಟ್ಟುಕೊಂಡು ರೊಕ್ಕ ಬದಲಿಸಿ ಕೊಡುತ್ತಿದ್ದ ಸರಾಫನ ಮುಂದೆ ರೈಲ್ವೆಯವರ ಹೆಂಡಂದಿರ ಸಾಲು ಹತ್ತುತ್ತಿತ್ತು. ಮೂವತ್ತು ಕೊಟ್ಟರೆ ಮೂವತ್ತೈದು. ಆ ಹೆಚ್ಚಿನ ಐದಕ್ಕೆ ‘ಮ್ಯಾಲಿನ ರೊಕ್ಕ’ ಎಂದು ಹೆಸರು. ಅದು ಮನೆಯ ಹೆಂಗಸಿನದು, ಗಂಡಸರು ಅದರ ಲೆಕ್ಕ ಕೇಳುವಂತಿಲ್ಲ. ಕ್ವಾರ್ಟರ್ಸಿನ ಎಲ್ಲ ಮನೆಗಳಲ್ಲೂ ಇದೇ ರಿವಾಜು.

ಅತ್ತೆ ದಂಡೋತಿ ಎಂಬ ಹಳ್ಳಿಯವರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಒಬ್ಬನೇ ಮಗನನ್ನು ಓದಿಸಿ ಕೆಲಸಕ್ಕೆ ಹಚ್ಚಿದವರು. ಅವರ ಲೆಕ್ಕವೆಲ್ಲ ಒಂದು ಹಳೆಯ ಸೀರೆಯ ಅಂಚಿನಲ್ಲಿತ್ತು. ಮೊಳದುದ್ದದ ಆ ಅಂಚಿನಲ್ಲಿ ಐದು ಗಂಟು. ಜೋಳದ್ದೊಂದು, ಉಪ್ಪು ಎಣ್ಣೆಯದೊಂದು, ಬಟ್ಟೆಯದೊಂದು, ವರ್ಷಕ್ಕೊಮ್ಮೆ ನಾಲವಾರದ ಮಠದ ದಾಸೋಹಕ್ಕೆ ಕೊಡುವುದೊಂದು, ಕೊನೆಯದು ಅವರ ಕಣ್ಣಿನದು. ಆ ಅಂಚನ್ನು ಜೋಳದ ಗಡಿಗೆಯೊಳಗೆ ಹೂತಿಡುತ್ತಿದ್ದರು. ಹಾಲಿ ತಂದ ಮೇಲೆ ಒಂದೊಂದು ನಾಣ್ಯವನ್ನೂ ಫರ್ಸಿಯ ಮೇಲೆ ಬಾರಿಸಿ ನೋಡಿಯೇ ಗಂಟಿಗೆ ಹಾಕಬೇಕು. ಹುಸಿ ನಾಣ್ಯ ಬೊದ್ದ ಎನ್ನುತ್ತದೆ, ಖರೆಯದು ಕೂಗುತ್ತದೆ.

ಅವರು ಕಲಿಸಿದ್ದನ್ನೆಲ್ಲ ಬರೆದರೆ ಬ್ಯಾಂಕಿನವರ ಕಾಗದ ನಾಚೀತು. ಜೋಳವನ್ನು ಸುಗ್ಗಿಯಲ್ಲೇ ವರ್ಷಕ್ಕಾಗುವಷ್ಟು ತೆಗೆದಿಡಬೇಕು. ಹಸಿದ ಹೊಟ್ಟೆಯಲ್ಲಿ ಸಂತೆಗೆ ಹೋಗಬಾರದು. ಉದ್ರಿ ತಂದ ಎಣ್ಣೆಯಲ್ಲಿ ದೀಪ ಹಚ್ಚಬಾರದು. ರೊಟ್ಟಿ ತಟ್ಟುವಾಗೆಲ್ಲ ಒಂದು ಮುಷ್ಟಿ ಹಿಟ್ಟು ಬೇರೆ ಬುಟ್ಟಿಗೆ ಹಾಕಬೇಕು, ಅದು ಜಂಗಮರಿಗೆ. ನನಗೆ ಇದೆಲ್ಲ ತಲೆಗೇರಿ, ಒಂದು ಸೇರು ಹಿಟ್ಟಿಗೆ ಎಷ್ಟು ರೊಟ್ಟಿ ಎಂದು ಲೆಕ್ಕ ಹಾಕಿ, ಒಂದು ದಿನ ಊಟಕ್ಕೆ ಕೂತ ಗಂಡನಿಗೇ “ಐದನೇ ರೊಟ್ಟಿ ನಿಮ್ಮ ಲೆಕ್ಕದಾಗ ಇಲ್ಲರಿ” ಎಂದಿದ್ದೆ. ಆ ಮನುಷ್ಯ ಪಾಪ, ನೀಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಅತ್ತೆ ಒಳಗಿನಿಂದ ಬಂದು ತಾವೇ ಎರಡು ರೊಟ್ಟಿ ಹಾಕಿ, “ಉಣ್ಣಾಗ ಲೆಕ್ಕ ಹೇಳಬ್ಯಾಡ ಶಾಂತಾ. ಲೆಕ್ಕ ಗಡಿಗ್ಯಾಗ ಇರ್ಲಿ, ತಾಟಿನಾಗ ಬ್ಯಾಡ” ಎಂದರು. ಅಷ್ಟಕ್ಕೆ ನಾನು ಮೂರು ದಿನ ಮುನಿಸಿಕೊಂಡಿದ್ದೆ.

ಅತ್ತೆಯ ಕಣ್ಣಿಗೆ ಮೋತಿಬಿಂದು, ಎಂದರೆ ಪೊರೆ, ಬಂದಿತ್ತು. ನಾನು ಆ ಮನೆಗೆ ಹೋದಾಗ ಕಲ್ಲು ಮಣ್ಣು ಆರಿಸುವುದಕ್ಕೆ ಮೊರವನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಎರಡು ವರ್ಷದಲ್ಲಿ ಎದುರಿಗೆ ನಿಂತವರು ಯಾರೆಂದು ಮಾತು ಕೇಳಿಯೇ ಹೇಳುವಂತಾಯಿತು. ಸೊಲ್ಲಾಪುರಕ್ಕೆ ಪ್ರತಿ ವರ್ಷ ಸಂಕ್ರಾಂತಿಯ ಆಸುಪಾಸು ಮುಂಬಯಿಯ ಕಣ್ಣಿನ ಡಾಕ್ಟರೊಬ್ಬರು ಬಂದು ಹದಿನೈದು ದಿನ ಇರುತ್ತಿದ್ದರು. ಪೊರೆ ತೆಗೆಯುವುದಕ್ಕೆ ನಲವತ್ತೈದು ಕಲ್ದಾರ, ಅಲ್ಲಿ ಇರುವ ಉಣ್ಣುವ ಖರ್ಚಿಗೆ ಹದಿನೈದು, ಒಟ್ಟು ಅರವತ್ತು. ರೈಲಿಗೆ ಹೇಗೂ ಪಾಸು ಇತ್ತು. ಮಗನ ಭತ್ಯೆಯಲ್ಲಿ ತಿಂಗಳಿಗೆ ಒಂದು ಕಲ್ದಾರದಂತೆ ಮುರಿಸದೆ ತೆಗೆದಿಟ್ಟು, ಐದು ವರ್ಷದಲ್ಲಿ ಅತ್ತೆ ಆ ಅರವತ್ತನ್ನು ಕೂಡಿಸಿದ್ದರು. ಹನಿಹನಿ ಕೂಡಿದರೆ ಹಳ್ಳ ಎನ್ನುತ್ತಾರಲ್ಲ, ಹಾಗೆ ಕೂಡಿದ ರೊಕ್ಕ ಅದು.

ಸರಾಫನ ಹತ್ತಿರ ನಾಣ್ಯ ಕಾಣಿಸದೆ ತಡವರಿಸುವಂತಾದ ಮೇಲೆ ಅತ್ತೆ ಒಂದು ಸೋಮವಾರ ಆ ಸೀರೆಯ ಅಂಚನ್ನು ನನ್ನ ಮಡಿಲಿಗೆ ಹಾಕಿದರು.

“ಇನ್ನ ನೀನೇ ನೋಡ್ಕೊ. ನಾಕು ಗಂಟು ನಿಂಗ ಹ್ಯಾಂಗ ಬೇಕೋ ಹಂಗ ಬಿಚ್ಚು, ಕಟ್ಟು. ಇದೊಂದಕ್ಕ ಮಾತ್ರ ಕೈ ಹಚ್ಚಬ್ಯಾಡ. ಇದರಾಗ ಏನ್ ಅದ ಹಂಗೇ ಇರ್ಲಿ.”

“ಹೂಂರಿ ಅತ್ತಿ” ಎಂದೆ.

ಯಾಕೆ ಎಂದು ಅವರು ಹೇಳಲಿಲ್ಲ. ಇಂಗ್ರೇಜರ ಸೀಮೆಯ ಸೊಲ್ಲಾಪುರದಲ್ಲಿ ನಿಜಾಮರ ರೊಕ್ಕ ನಡೆಯುವುದಿಲ್ಲ ಎಂಬುದನ್ನು ಯಾರಿಗಾದರೂ ಹೇಳಿಕೊಡಬೇಕೆಂದು ಅವರಿಗೆ ಅನಿಸಿರಲಿಕ್ಕಿಲ್ಲ. ನಾನಾದರೋ ಸೇಡಂ ಬಿಟ್ಟರೆ ವಾಡಿ, ವಾಡಿ ಬಿಟ್ಟರೆ ಚಿತ್ತಾಪುರದ ಸಂತೆ ಕಂಡವಳು. ನಿಜಾಮರ ಸೀಮೆಯ ಹೊರಗೆ ಒಂದು ಹೆಜ್ಜೆ ಇಟ್ಟಿರಲಿಲ್ಲ.

ಗಂಟು ಕೈಗೆ ಬಂದ ತಿಂಗಳೊಳಗೆ ನನಗೆ ಆ ಅರವತ್ತು ಕಣ್ಣು ಕುಕ್ಕತೊಡಗಿತು. ಆರಕ್ಕೆ ಏಳು ಬರುವಾಗ ಅರವತ್ತಕ್ಕೆ ಎಪ್ಪತ್ತು. ಹತ್ತು ರೂಪಾಯಿ ಸುಮ್ಮನೆ ಕತ್ತಲಲ್ಲಿ ಮಲಗಿದೆ. ಅಕ್ಷರ ಬಾರದ ಅತ್ತೆಗೆ ಇದು ಹೊಳೆದಿಲ್ಲ, ಲೆಕ್ಕ ಬಲ್ಲ ನನಗೆ ಹೊಳೆಯಿತು ಎಂದು ಒಳಗೊಳಗೇ ಹಿಗ್ಗಿದೆ. ನೀವು ಕೇಳಬಹುದು, ಏಳು ಕೊಟ್ಟರೆ ಆರೇ ಬರುತ್ತದೆಂದು ಗೊತ್ತಿರಲಿಲ್ಲವೇ ಎಂದು. ಗೊತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಹಾಲಿ ಕೊಟ್ಟು ಕಲ್ದಾರ ತಂದದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ತಿಂಗಳು ತಿಂಗಳು ಕಲ್ದಾರ ಹೋಗುತ್ತಿತ್ತು, ಹಾಲಿ ಬರುತ್ತಿತ್ತು, ಮೇಲಿನ ಐದು ಉಳಿಯುತ್ತಿತ್ತು. ರೊಕ್ಕ ಹಿಂದಕ್ಕೂ ನಡೆಯುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ಎಪ್ಪತ್ತು ಹಾಲಿ ತಂದೆ. ಅರವತ್ತನ್ನು ಕಣ್ಣಿನ ಗಂಟಿಗೆ ಹಾಕಿ ಮೊದಲಿನಂತೆಯೇ ಬಿಗಿದೆ. ಉಳಿದ ಹತ್ತು ಮೇಲಿನ ರೊಕ್ಕ, ರಿವಾಜಿನ ಪ್ರಕಾರ ನನ್ನದು. ನನ್ನ ಮಟ್ಟಿಗೆ ಅದನ್ನು ಖರ್ಚು ಮಾಡಲಿಲ್ಲ, ಇಷ್ಟಾದರೂ ಹೇಳಿಕೊಳ್ಳುತ್ತೇನೆ. ಪಕ್ಕದ ಕ್ವಾರ್ಟರ್ಸಿನ ಹಾಜ್ರಾಬಿಯ ಜೊತೆ ಚಿತ್ತಾಪುರಕ್ಕೆ ಹೋಗಿ ಅತ್ತೆಗೆ ಒಂದು ಇಳಕಲ್ಲಿನ ಸೀರೆ ತಂದೆ. ಹಾಜ್ರಾಬಿಯ ಗಂಡ ಎಂಜಿನ್ನಿನಲ್ಲಿ ಫಾಯರ್‌ಮನ್. ಆಕೆ ಚೌಕಾಶಿಯಲ್ಲಿ ಗಟ್ಟಿಗಿತ್ತಿ, ಹನ್ನೊಂದು ಎಂದವನನ್ನು ಹತ್ತಕ್ಕೆ ಇಳಿಸಿದಳು. ಅತ್ತೆ ಸೀರೆಯನ್ನು ಮಡಿಲಲ್ಲಿ ಹರಡಿಕೊಂಡು ದಡಿಯನ್ನು ಬೆರಳಿನಿಂದ ಸವರಿದರು.

“ಎಲ್ಲಿಂದ ಬಂತು ಇಷ್ಟು ರೊಕ್ಕ?”

“ಮ್ಯಾಲಿನ ರೊಕ್ಕದಾಗ ತಂದೀನ್ರಿ” ಎಂದೆ. ಸುಳ್ಳೂ ಅಲ್ಲ, ಖರೆಯೂ ಅಲ್ಲ.

“ನಿಂದು ನೀನು ತಂದ್ಕೊಳ್ಳದು ಬಿಟ್ಟು” ಎಂದರು. ಸೀರೆಯನ್ನು ಮಡಚುತ್ತ, “ಸೊಲ್ಲಾಪುರಕ್ಕ ಇದೇ ಉಟ್ಕೊಂಡು ಹೋಗ್ತೀನಿ. ಪಟ್ಟಿ ಬಿಚ್ಚಿದ ಮ್ಯಾಗ ಮದಲ ನಿನ್ನ ಮಾರಿ ನೋಡ್ತೀನಿ ನೋಡು. ಮಗ್ಗಿ ಹೇಳಾಗ ನೋಡಿದ್ದೇ ಬರೋಬ್ಬರಿ” ಎಂದರು. ಅಷ್ಟು ಸಂತೋಷ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ.

ಮುಂದೆ ಒಂಬತ್ತು ತಿಂಗಳು ಆ ಗಂಟಿನ ಸುದ್ದಿಗೆ ಯಾರೂ ಹೋಗಲಿಲ್ಲ. ಸಂಕ್ರಾಂತಿಗೆ ಎಂಟು ದಿನ ಉಳಿದಾಗ ನಮ್ಮ ಮನೆಯವರು ರಜೆ ಬರೆದುಕೊಟ್ಟು ಬಂದರು. ಬೂಟು ಬಿಚ್ಚುತ್ತ, “ಅವ್ವನ ಗಂಟು ತೆಗದಿಡು. ಎಲ್ಲಾ ಕಲ್ದಾರನೇ ಅವಲ್ಲ? ಅಲ್ಲಿ ಹಾಲಿ ಮೂಸಿನೂ ನೋಡಂಗಿಲ್ಲ” ಎಂದರು.

“ಹೌದ್ರಿ” ಎಂದುಬಿಟ್ಟೆ.

ಮರುದಿನ ಅವರು ಶೆಡ್ಡಿಗೆ ಹೋದದ್ದೇ ತಡ, ಏನೂ ತಿನ್ನದೆ ಸರಾಫನ ಹತ್ತಿರ ಓಡಿದೆ. ಅರವತ್ತು ಹಾಲಿಯನ್ನು ಅವನ ಮುಂದೆ ಸುರಿದು ಕಲ್ದಾರ ಕೊಡಿ ಎಂದೆ. ಆಗ ಎರಡನೆಯ ಮಹಾಯುದ್ಧ, ನಮ್ಮ ಕಡೆಯ ಮಾತಿನಲ್ಲಿ ಲಡಾಯಿ, ಶುರುವಾಗಿತ್ತು. ಬೆಳ್ಳಿಯ ಕಲ್ದಾರ ಬಜಾರದಿಂದ ಮಾಯವಾಗತೊಡಗಿತ್ತು. ಅದು ಮನೆಯೊಳಗೆ ರೊಟ್ಟಿ ಎಣಿಸುತ್ತಿದ್ದ ನನಗೆ ಗೊತ್ತಿರಲಿಲ್ಲ.

“ಕಲ್ದಾರ ಎಲ್ಲಿ ಅವ ತಾಯಿ ಈಗ? ಇದ್ದವರು ಮಣ್ಣಾಗ ಹೂಳಿ ಇಟ್ಟಾರ. ಏಳೂವರಿಗಿ ಆರು ಕೊಡ್ತೀನಿ. ಬೇಕಂದ್ರ ತಗೋರಿ” ಎಂದ ಸರಾಫ.

“ನೀವೇ ಆರಕ್ಕ ಏಳು ಕೊಟ್ಟಿದ್ರಲ್ಲರಿ.”

“ಅದು ಕೊಡೋ ಭಾವ. ಇದು ತಗೊಳ್ಳೋ ಭಾವ” ಎಂದು ಅವನು ಮುಂದಿನವರ ಕಡೆ ನೋಡಿದ.

ಏಳೂವರೆಗೆ ಆರು ಎಂದರೆ ಅರವತ್ತಕ್ಕೆ ನಲವತ್ತೆಂಟು. ಅದಕ್ಕೆ ನನಗೆ ರೆಪ್ಪೆ ಬಡಿಯುವುದೂ ಬೇಕಾಗಲಿಲ್ಲ. ಹನ್ನೆರಡು ಕಡಿಮೆ. ಸೀರೆ ತರದೆ ಇದ್ದಿದ್ದರೂ ನಾಲ್ಕು ಕಡಿಮೆ ಬೀಳುತ್ತಿತ್ತು ಎಂದು ಆ ಬೇವಿನ ಮರದಡಿ ನಿಂತೇ ಇನ್ನೊಂದು ಲೆಕ್ಕ ಹಾಕಿ ಸಮಾಧಾನ ಹುಡುಕಿದೆ. ಸಿಗಲಿಲ್ಲ.

ಈಗ ಯಾರಾದರೂ ಹೇಳುತ್ತಾರೆ, ಹನ್ನೆರಡು ರೂಪಾಯಿ ತಾನೇ, ಗಂಡನಿಗೆ ಹೇಳಿದ್ದರೆ ಶೆಡ್ಡಿನಲ್ಲಿ ಮುಂಗಡ ತರುತ್ತಿದ್ದರು ಎಂದು. ನಿಜ, ತರುತ್ತಿದ್ದರು. ಅವರು ಕೆಟ್ಟವರಲ್ಲ, ಅತ್ತೆಯೂ ಕೆಟ್ಟವರಲ್ಲ. ಹೇಳಿದ್ದರೆ ಒಂದು ಹೊತ್ತು ಬೈದು ಸುಮ್ಮನಾಗುತ್ತಿದ್ದರು. ಆದರೆ ಆ ಮನೆಯಲ್ಲಿ ನಾನು ಲೆಕ್ಕ ಬರುವವಳು. ಮಗ್ಗಿ ಹೇಳಿಯೇ ಒಳಗೆ ಬಂದವಳು. ಲೆಕ್ಕ ತಪ್ಪಿತು ಎಂದು ಹೇಳುವುದಕ್ಕಿಂತ ಸಾಯುವುದು ಮೇಲು ಅನಿಸುತ್ತಿತ್ತು. ಹದಿನೆಂಟು ವರ್ಷದ ಹುಡುಗಿಗೆ ಹಾಗೆ ಅನಿಸುತ್ತದೆ ಎಂದು ನನ್ನನ್ನು ನಾನು ಎಷ್ಟೋ ಸಲ ಕ್ಷಮಿಸಲು ನೋಡಿದ್ದೇನೆ.

ಆ ನಲವತ್ತೆಂಟನ್ನೇ ಸೆರಗಿಗೆ ಕಟ್ಟಿಕೊಂಡು ಮನೆಗೆ ಬಂದು ಹಿತ್ತಲಿನಲ್ಲಿ ಕೂತೆ. ಹಸಿವಿಗೋ, ಬಿಸಿಲಿಗೋ, ಹೆದರಿಕೆಗೋ ಹೊಟ್ಟೆ ತೊಳಸಿ ವಾಂತಿಯಾಯಿತು. ಅತ್ತೆ ಗೋಡೆ ಹಿಡಿದುಕೊಂಡು ಬಂದು ಬೆನ್ನ ಮೇಲೆ ಕೈಯಿಟ್ಟರು. ಇನ್ನೊಮ್ಮೆ ವಾಂತಿಯಾಯಿತು. ಅವರ ಕೈ ಅಲ್ಲೇ ನಿಂತಿತು.

“ಎಷ್ಟು ದಿನ ಆತವ್ವ?” ಎಂದು ಮೆಲ್ಲಗೆ ಕೇಳಿದರು.

ನಾನು ಸೆರಗಿನಿಂದ ಬಾಯಿ ಒರೆಸಿಕೊಂಡು ತಲೆ ತಗ್ಗಿಸಿದೆ. ನಾಚಿಕ್ಯಾಗಲಿಕತ್ತದ ಇದಕ್ಕ ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಅವರು ನಕ್ಕರು. ಸಂಜೆ ಮಗ ಬಂದ ಕೂಡಲೇ ಸೊಲ್ಲಾಪುರದ ಮಾತು ಮುಗಿಸಿಬಿಟ್ಟರು.

“ಈ ಸಲ ಬ್ಯಾಡ. ಈಕಿಗಿ ಇಂಥಾ ಹೊತ್ತಿನ್ಯಾಗ ಒಬ್ಬಾಕಿಗೇ ಬಿಟ್ಟು ಹ್ಯಾಂಗ ಹೋಗ್ಲಿ? ಮುಂದಿನ ವರ್ಷ ಹೋದ್ರಾತು. ಕಣ್ಣು ಎಲ್ಲಿ ಓಡಿ ಹೋಗ್ತಾವ?”

ನಾನು ಒಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದೆ. ಈಗ ಹೇಳಬೇಕು, ಈಗ ಹೇಳಬೇಕು ಎಂದುಕೊಳ್ಳುತ್ತಲೇ ರೊಟ್ಟಿ ಬೇಯಿಸಿದೆ. ನಮ್ಮವರ ಮುಖದಲ್ಲಿ ಆ ದಿನ ಕಂಡ ನಗುವನ್ನು ನೋಡಿದ ಮೇಲೆ ಬಾಯಿ ಬರಲಿಲ್ಲ. ರಜೆಯ ಕಾಗದವನ್ನು ಅವರು ವಾಪಸು ತಂದರು.

ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ. ನಮ್ಮ ಮನೆಯಲ್ಲಿ ತಿಂಗಳ ಮೂರು ದಿನ ಹೊರಗೆ ಕೂರುವ ಪದ್ಧತಿ ಇರಲಿಲ್ಲ. ಬೇರೆ ಮನೆಯಾಗಿದ್ದರೆ ನನ್ನ ಸುಳ್ಳು ಹದಿನೈದು ದಿನವೂ ಬಾಳುತ್ತಿರಲಿಲ್ಲ. ನಮ್ಮಲ್ಲಿ ಎರಡು ತಿಂಗಳು ಬಾಳಿತು. ಇಲ್ಲದ ಕೂಸಿಗಾಗಿ ನಾನು ಹುಣಸೆಯ ತೊಕ್ಕು ತಿಂದೆ. ಹಾಜ್ರಾಬಿ ಮಾವಿನ ಮಿಡಿ ಸಿಕ್ಕ ಕೂಡಲೇ ಸೆರಗಿನಲ್ಲಿ ಮುಚ್ಚಿಕೊಂಡು ತಂದು ಕೊಟ್ಟಳು. ಮಂಜಾದ ಕಣ್ಣಿನಲ್ಲಿ ಅತ್ತೆ ನನಗೆ ಕೊಡ ಎತ್ತಲು ಬಿಡದೆ ತಾವೇ ಎತ್ತಿದರು. ಕೊನೆಗೆ ಒಂದು ಬೆಳಿಗ್ಗೆ ನಾನು ಎದ್ದು, ಹೋಯಿತು ಎಂದೆ. ಅಷ್ಟೇ ಹೇಳಿದ್ದು. ಅತ್ತೆ ಅತ್ತರು. ನನ್ನನ್ನು ಹದಿನೈದು ದಿನ ಮಲಗಿಸಿ, ಜೋಳದ ಗಂಟಿನಿಂದ ರೊಕ್ಕ ತೆಗೆಸಿ ತುಪ್ಪ ತರಿಸಿ ತಿನ್ನಿಸಿದರು. ಅವರು ಕೈಯಂದಾಜಿನಲ್ಲಿ ಬಾಯಿ ಹುಡುಕಿ ತುತ್ತಿಡುವಾಗ ತುಪ್ಪ ಗದ್ದದ ಮೇಲೆ ಸುರಿಯುತ್ತಿತ್ತು. ನಾನು ಒರೆಸಿಕೊಳ್ಳುತ್ತ ಅಳುತ್ತಿದ್ದೆ. ಹೋದ ಕೂಸಿಗೆ ಅಳುತ್ತಿದ್ದೇನೆ ಎಂದು ಅವರು ತಿಳಿದರು.

ಎದ್ದ ಮೇಲೆ ನಾನು ಖರೆಯ ಉಳಿತಾಯ ಕಲಿತೆ. ಹನ್ನೆರಡು ಕಲ್ದಾರ ಕೂಡಿಸಬೇಕು, ಯಾರಿಗೂ ತಿಳಿಯಬಾರದು. ಲಡಾಯಿಯ ತುಟ್ಟಿಯಲ್ಲಿ ಮೇಲಿನ ರೊಕ್ಕವೂ ಉಪ್ಪು ಎಣ್ಣೆಗೇ ಕರಗುತ್ತಿತ್ತು. ತಲೆಗೆ ಎಣ್ಣೆ ಬಿಟ್ಟೆ. ನನ್ನ ರೊಟ್ಟಿ ಮೂರರಿಂದ ಎರಡಕ್ಕೆ ಇಳಿಯಿತು. ಸೌದೆಯ ಬದಲು ಹಳಿಯ ಪಕ್ಕದಲ್ಲಿ ಬಿದ್ದ ಅರೆಬೆಂದ ಕಲ್ಲಿದ್ದಲು ಆರಿಸಿ ತಂದೆ. ಇಡೀ ಕ್ವಾರ್ಟರ್ಸಿನಲ್ಲಿ ಶಾಂತಮ್ಮನ ಹಾಗೆ ಮನೆ ನಡೆಸುವವರಿಲ್ಲ ಎಂದು ಹೆಸರಾಯಿತು. ಬೇರೆ ಸೊಸೆಯಂದಿರನ್ನು ನನ್ನ ಹತ್ತಿರ ಕಲಿಯಲು ಕಳಿಸುತ್ತಿದ್ದರು. ಅವರಿಗೆಲ್ಲ ಗಂಭೀರವಾಗಿ ಗಂಟು ಕಟ್ಟುವುದನ್ನು ಹೇಳಿಕೊಟ್ಟೆ.

ಆ ಬೇಸಿಗೆಯಲ್ಲಿ ಅತ್ತೆಗೆ ಬಲಗಣ್ಣು ಸಿಡಿಯುವ ಹಾಗೆ ನೋಯತೊಡಗಿತು. ತಲೆಗೆ ಬಟ್ಟೆ ಬಿಗಿದುಕೊಂಡು ಗೋಡೆಗೆ ಹಣೆ ಹಚ್ಚಿ ಕೂರುತ್ತಿದ್ದರು. ಮಳೆಗಾಲದಲ್ಲಿ ಎಡಗಣ್ಣು. ಆಮೇಲೆ ನೋವು ನಿಂತಿತು. ನಿಂತದ್ದು ಒಳ್ಳೆಯದಾಯಿತು ಎಂದೇ ನಾವೆಲ್ಲ ತಿಳಿದೆವು. ಸಂಕ್ರಾಂತಿಗೆ ಅರವತ್ತೂ ಕಲ್ದಾರ ಆ ಗಂಟಿನಲ್ಲಿತ್ತು, ಒಂದೂ ಕಡಿಮೆ ಇರಲಿಲ್ಲ. ಅತ್ತೆ ಇಳಕಲ್ಲಿನ ಸೀರೆ ಉಟ್ಟು ಮಗನ ಕೈ ಹಿಡಿದು ರೈಲು ಹತ್ತಿದರು. ನಾನೂ ಹೋದೆ.

ಸೊಲ್ಲಾಪುರದ ಡಾಕ್ಟರು ಕೋಣೆ ಕತ್ತಲೆ ಮಾಡಿ ದೀಪವನ್ನು ಅತ್ತೆಯ ಕಣ್ಣಿನ ಆ ಬದಿಗೂ ಈ ಬದಿಗೂ ಹಿಡಿದು, ಬೆಳಕು ಎಲ್ಲಿದೆ ಎಂದು ಕೇಳಿದರು. ಅತ್ತೆ ಒಮ್ಮೆ ಬಲಕ್ಕೆ ಕೈ ತೋರಿಸಿದರು. ದೀಪ ಎಡಕ್ಕಿತ್ತು. ಇನ್ನೊಮ್ಮೆ ಕೇಳಿದಾಗ ಮಗನ ಕೈಯನ್ನು ತಡವಿ ಹಿಡಿದುಕೊಂಡರು. ಪೊರೆ ಬಲಿತು ಒಳಗಿನ ನರವೇ ಕೆಟ್ಟಿದೆ, ಇನ್ನು ತೆಗೆದರೂ ಕಾಣುವುದಿಲ್ಲ, ಹೋದ ವರ್ಷ ಯಾಕೆ ಬರಲಿಲ್ಲ ಎಂದರು ಡಾಕ್ಟರು.

“ಹ್ವಾದ ವರ್ಷ ಸೊಸಿಗಿ ಆರಾಮ ಇದ್ದಿದ್ದಿಲ್ಲರಿ” ಎಂದರು ಅತ್ತೆ.

ಡಾಕ್ಟರು ಫೀಸು ತೆಗೆದುಕೊಳ್ಳಲಿಲ್ಲ. ಅಂದಿನ ರೈಲಿಗೇ ಹಿಂದಿರುಗಿದೆವು. ನಲವತ್ತೈದು ಹಾಗೇ ಉಳಿಯಿತು, ಊಟದ ಖರ್ಚಿನದೂ ಬಹುಪಾಲು ಉಳಿಯಿತು. ಉಳಿಸುವುದೆಂದರೆ ನನಗೆ ಆ ದಿನದಿಂದ ವಾಕರಿಕೆ.

ಅತ್ತೆ ಕುರುಡುತನಕ್ಕೆ ಹೊಂದಿಕೊಂಡರು. ಮುಖವಿದ್ದದ್ದು ಕಲ್ದಾರ, ಮಿನಾರವಿದ್ದದ್ದು ಹಾಲಿ ಎಂದು ಹೆಬ್ಬೆರಳಿನಿಂದಲೇ ಹೇಳುತ್ತಿದ್ದರು. ನನ್ನ ಮೇಲೆ ಅವರಿಗೆ ಮುಂಚಿಗಿಂತ ಪ್ರೀತಿ ಹೆಚ್ಚಾಗಿತ್ತು. ಕೂಸು ಕಳೆದುಕೊಂಡವಳು ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಮೂರು ವರ್ಷ ಕಳೆದ ಮೇಲೆ ನನಗೆ ಮಗಳು ಹುಟ್ಟಿದಳು. ಈ ಸಲ ಖರೆಯಾಗಿಯೇ.

ಹದಿಮೂರನೆಯ ದಿನ ಕೂಸಿಗೆ ಎರೆದು ಅತ್ತೆಯ ತೊಡೆಯ ಮೇಲೆ ಹಾಕಿದೆ. ಅವರು ಹಣೆ, ಹುಬ್ಬು, ಗಲ್ಲವನ್ನೆಲ್ಲ ಬೆರಳ ತುದಿಯಿಂದ ಮುಟ್ಟಿ ಮುಟ್ಟಿ ನೋಡಿದರು.

“ಹ್ಯಾಂಗ ಅದ ಹೇಳು ಶಾಂತಾ. ಮೂಗು ಯಾರ ಹಾಂಗ ಅದ? ನಿನ್ನ ಹಾಂಗೇನು, ನನ್ನ ಮಗ ಬಸು ಹಾಂಗೇನು?”

ನಾನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ, “ಮದಲಿಂದು ಹೋತಲ್ಲ, ಅದೇ ತಿರಗಿ ಬಂದದ ನೋಡು” ಎಂದು ಕೂಸಿನ ಹಣೆಗೆ ತುಟಿ ಇಟ್ಟರು.

ಅದನ್ನು ನನಗೆ ತಾಳಲಾಗಲಿಲ್ಲ. ಅವರ ಕಾಲ ಹತ್ತಿರ ಕೂತು ಎಲ್ಲವನ್ನೂ ಹೇಳಿದೆ. ಕಲ್ದಾರ ಮುರಿಸಿದ್ದು, ಸೀರೆ ತಂದದ್ದು, ಏಳೂವರೆಗೆ ಆರು, ಹನ್ನೆರಡು ಕಡಿಮೆ ಬಿದ್ದದ್ದು, ಇಲ್ಲದ ಕೂಸು. ಹೇಳುತ್ತ ಹೋದಂತೆ ಎದೆ ಹಗುರಾಗುತ್ತದೆ ಎಂದು ತಿಳಿದಿದ್ದೆ. ಹಾಗೇನೂ ಆಗಲಿಲ್ಲ. ಅವರ ಬೆರಳು ಕೂಸಿನ ಗಲ್ಲದ ಮೇಲೆ ಹಾಗೆಯೇ ಇತ್ತು.

“ಹನ್ನೆರಡು?” ಎಂದು ಕೇಳಿದರು.

“ಹೂಂರಿ.”

“ನನ್ನ ಮಣ್ಣಿನ ರೊಕ್ಕ ಇತ್ತಲ್ಲವ್ವ.”

ಅತ್ತೆ ತಮ್ಮನ್ನು ಮಣ್ಣು ಮಾಡುವ ಖರ್ಚಿಗೆಂದು, ಮಗನಿಗೆ ಭಾರವಾಗಬಾರದೆಂದು, ಹಾಸಿಗೆಯ ಅರಿವೆಯಲ್ಲಿ ಹೊಲಿದು ಇಟ್ಟುಕೊಂಡಿದ್ದ ಇಪ್ಪತ್ತು ಬೆಳ್ಳಿಯ ಕಲ್ದಾರದ ಸಂಗತಿ ಹೀಗೆ ನನಗೆ ಗೊತ್ತಾಯಿತು. ಅದರ ಮೇಲೆಯೇ ಅವರು ದಿನಾ ಮಲಗುತ್ತಿದ್ದರಂತೆ.

“ಕೇಳಬೇಕಿತ್ತು ನೀನು” ಎಂದರು. ಬೈಯಲಿಲ್ಲ, ದನಿ ಏರಿಸಲಿಲ್ಲ. “ಕೂಸಿಗಿ ತಗೋ” ಎಂದು ಮಗುವನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕಡೆ ಚಾಚಿದರು. ನಾನು ಕೂತಿದ್ದದ್ದು ಎಡಕ್ಕೆ, ಅವರು ಚಾಚಿದ್ದು ಎದುರಿಗೆ. ಎದ್ದು ಹೋಗಿ ತೆಗೆದುಕೊಂಡೆ.

ಆ ದಿನ ಅವರು ಉಂಡರು, ಎಂದಿನಂತೆ ಪೂಜೆ ಮಾಡಿಕೊಂಡರು, ಮಗನಿಗೆ ಏನೂ ಹೇಳಲಿಲ್ಲ. ಕೊನೆಯ ತನಕ ಹೇಳಲಿಲ್ಲ. ಮರುದಿನ ಮುಂಜಾನೆ ಹಾಜ್ರಾಬಿ ಕೂಸನ್ನು ನೋಡಲು ಬಂದಳು. ನಾನು ಒಳಗೆ ಒಲೆಯ ಮುಂದೆ ಇದ್ದೆ. ಪಡಸಾಲೆಯಲ್ಲಿ ಅತ್ತೆ ದನಿ ತಗ್ಗಿಸಿ ಅವಳನ್ನು ಕೇಳುತ್ತಿದ್ದರು.

“ಹಾಜ್ರಾ, ಇಲ್ಲಿ ಬಾ, ಕುಂದ್ರು. ಕೂಸಿನ ಮೂಗು ಹ್ಯಾಂಗ ಅದ, ನೀ ಹೇಳು.”